ಪಿಟ್ಸ್‌ಬರ್ಗ್: ನಕ್ಷೆಗೆ ಹತ್ತಿರ, ಕಾಲಿಗೆ ದೂರ
ಕಾರಿಲ್ಲದೆ ಈ ಊರು ಸುತ್ತುವುದು ಹೇಗೆ?

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಜನಸಂಖ್ಯೆ ಸುಮಾರು 3 ಲಕ್ಷ, ನಮ್ಮ ದಾವಣಗೆರೆಗಿಂತಲೂ ಕಡಿಮೆ. ಆದರೂ ಮಗಳು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆಂದೋ, ಪೆನ್ ಹಿಲ್ಸ್‌ನ ವೆಂಕಟೇಶ್ವರನ ದರ್ಶನಕ್ಕೆಂದೋ ಕನ್ನಡಿಗರು ಇಲ್ಲಿಗೆ ಬರುತ್ತಲೇ ಇರುತ್ತಾರೆ. ಮಕ್ಕಳು ಕ್ಲಾಸಿಗೆ ಹೋದ ಮೇಲೆ ಕಾರಿಲ್ಲವೆಂದು ಮನೆಯಲ್ಲೇ ಕೂರುವವರು ಬಹಳ. ಕೂರಬೇಕಿಲ್ಲ. ಆದರೆ ಹೊರಡುವ ಮುಂಚೆ ಊರಿನ ಅಂಗರಚನೆ ಗೊತ್ತಿರಬೇಕು.

ಮೊದಲು ನದಿ, ಆಮೇಲೆ ರಸ್ತೆ

ಉತ್ತರದಿಂದ ಅಲೆಘೇನಿ, ದಕ್ಷಿಣದಿಂದ ಮನಾಂಗಹೀಲಾ ಹರಿದು ಬಂದು ಕೂಡಿ ಒಹಾಯೊ ನದಿಯಾಗುತ್ತವೆ. ಆ ಸಂಗಮದ ಮೂಲೆಯಲ್ಲಿರುವ ತ್ರಿಕೋನವೇ ಡೌನ್‌ಟೌನ್, ಅಂದರೆ ಊರಿನ ಕೇಂದ್ರಭಾಗ. ಮನಾಂಗಹೀಲಾ ಎಂಬ ಹೆಸರು ಸ್ಥಳೀಯರಿಗೇ ಉದ್ದವಾಗಿ, ಅವರು ಅದನ್ನು ‘ಮಾನ್’ ಎಂದು ಮೊಟಕುಗೊಳಿಸಿದ್ದಾರೆ. ವಿಶ್ವವಿದ್ಯಾಲಯಗಳು, ಮ್ಯೂಸಿಯಂಗಳು ಇರುವುದು ಪೂರ್ವಕ್ಕೆ, ಓಕ್ಲೆಂಡ್ ಎಂಬ ಬಡಾವಣೆಯಲ್ಲಿ. ಡೌನ್‌ಟೌನಿಗೆ ಹೋಗುವ ಬಸ್ಸು ‘ಇನ್‌ಬೌಂಡ್’, ಅಲ್ಲಿಂದ ಹೊರಡುವುದು ‘ಔಟ್‌ಬೌಂಡ್’. ಈ ಎರಡು ಪದ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ವಾಹನಗಳು ರಸ್ತೆಯ ಬಲಭಾಗದಲ್ಲಿ ಓಡುವುದರಿಂದ, ನಮ್ಮ ರೂಢಿಯಂತೆ ನಿಂತರೆ ಎದುರು ಬದಿಯ ಸ್ಟಾಪಿನಲ್ಲಿ ನಿಂತಿರುತ್ತೇವೆ. ಹತ್ತಿದ ಬಸ್ಸು ಊರಾಚೆ ಸಾಗುತ್ತದೆ.

ವಿಮಾನ ನಿಲ್ದಾಣದಿಂದ

ನಿಲ್ದಾಣ ಊರಿನ ಪಶ್ಚಿಮಕ್ಕೆ ಸುಮಾರು 29 ಕಿ.ಮೀ. ದೂರದಲ್ಲಿದೆ. ಅಲ್ಲಿಂದ ‘28ಎಕ್ಸ್ ಏರ್‌ಪೋರ್ಟ್ ಫ್ಲೈಯರ್’ ಬಸ್ಸು ಡೌನ್‌ಟೌನ್ ಮುಟ್ಟಿ, ಮುಂದೆ ಓಕ್ಲೆಂಡಿಗೂ ಹೋಗುತ್ತದೆ. ಇದಕ್ಕೆ ವಿಶೇಷ ದರವಿಲ್ಲ, ಮಾಮೂಲಿ ಟಿಕೆಟ್ಟೇ. ಎರಡು ದೊಡ್ಡ ಸೂಟ್‌ಕೇಸ್ ಇದ್ದರೆ ಮಾತ್ರ ಆ್ಯಪ್ ಟ್ಯಾಕ್ಸಿ ಮಾಡಿಕೊಳ್ಳಿ. ಬಸ್ಸಿನಲ್ಲಿ ಅವನ್ನು ಕಾಯುತ್ತಾ ನಿಲ್ಲುವ ಕಷ್ಟ ಬೇಡ.

ಟಿಕೆಟ್: ಇಲ್ಲೇ ಹೆಚ್ಚಿನವರು ಎಡವುವುದು

ಬಸ್ಸು, ರೈಲು ಎರಡನ್ನೂ ನಡೆಸುವುದು ಪಿಟ್ಸ್‌ಬರ್ಗ್ ರೀಜನಲ್ ಟ್ರಾನ್ಸಿಟ್, ಚಿಕ್ಕದಾಗಿ ಪಿಆರ್‌ಟಿ. ಟಿಕೆಟ್ ದರ 2.75 ಡಾಲರ್. ಕಂಡಕ್ಟರ್ ಇಲ್ಲ. ಡ್ರೈವರ್ ಪಕ್ಕದ ಪೆಟ್ಟಿಗೆಗೆ ಹಣ ಹಾಕಬೇಕು, ಚಿಲ್ಲರೆ ವಾಪಸ್ ಬರುವುದಿಲ್ಲ. ಎರಡು ಒಂದು-ಡಾಲರ್ ನೋಟು, ಮೂರು ಕ್ವಾರ್ಟರ್ (25 ಸೆಂಟ್) ನಾಣ್ಯ ಜೇಬಿನಲ್ಲಿರಲಿ. ಐದು ಡಾಲರ್ ಹಾಕಿದರೆ ಐದೂ ಹೋಯಿತು.

ನಗದಿನ ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಕನೆಕ್ಟ್‌ಕಾರ್ಡ್ ಎಂಬ ಪ್ಲಾಸ್ಟಿಕ್ ಕಾರ್ಡಿನಲ್ಲಿ ಅಥವಾ ಮೊಬೈಲ್ ಟಿಕೆಟ್‌ನಲ್ಲಿ ಹೋದರೆ, ಒಮ್ಮೆ ಕೊಟ್ಟ 2.75 ಡಾಲರಿಗೆ ಮೂರು ಗಂಟೆ ಎಷ್ಟು ಬಸ್ಸು ಬೇಕಾದರೂ ಬದಲಿಸಬಹುದು. ನಗದಿಗೆ ಆ ಸವಲತ್ತಿಲ್ಲ; ಹತ್ತಿದಷ್ಟು ಸಲವೂ ಹೊಸ ಟಿಕೆಟ್. ಹೋಗಿಬರುವ ಕೆಲಸ ಮೂರು ಗಂಟೆಯೊಳಗಿದ್ದರೆ ಮರಳುವ ಪ್ರಯಾಣ ಬಿಟ್ಟಿಯಾದಂತೆ. ಕಾರ್ಡನ್ನು ಜೈಂಟ್ ಈಗಲ್ ದಿನಸಿ ಅಂಗಡಿಗಳಲ್ಲಿ, ಡೌನ್‌ಟೌನಿನ ಯಂತ್ರಗಳಲ್ಲಿ ಕೊಳ್ಳಬಹುದು. ಮೊಬೈಲ್ ಟಿಕೆಟ್ ಕೊಂಡರೆ ಸಾಲದು, ಬಸ್ಸು ಹತ್ತುವ ಮುಂಚೆ ಅದನ್ನು ‘ಆ್ಯಕ್ಟಿವೇಟ್’ ಮಾಡಬೇಕು.

ಭಾರತದ ಬ್ಯಾಂಕ್ ಕಾರ್ಡ್ ಬಳಸುವವರಿಗೊಂದು ಮಾತು. ಇಲ್ಲಿನ ಎಷ್ಟೋ ಯಂತ್ರಗಳು ಐದಂಕಿಯ ಜಿಪ್ ಕೋಡ್ ಕೇಳುತ್ತವೆ. ನಮ್ಮ ಪಿನ್‌ಕೋಡ್ ಆರಂಕಿಯದು, ಅಲ್ಲಿಗೆ ವ್ಯವಹಾರ ನಿಲ್ಲುತ್ತದೆ. ಮೊದಲ ದಿನಕ್ಕೆ ಸಣ್ಣ ನೋಟುಗಳನ್ನು ಇಟ್ಟುಕೊಳ್ಳುವುದೇ ಕ್ಷೇಮ. ಮಕ್ಕಳ ವಿದ್ಯಾರ್ಥಿ ಗುರುತಿನ ಚೀಟಿ ತೋರಿಸಿ ಉಚಿತವಾಗಿ ಹೋಗುವ ಆಸೆ ಬೇಡ, ಆ ಸೌಲಭ್ಯ ಅವರಿಗೆ ಮಾತ್ರ.

ಬಸ್ಸಿನ ನಂಬರ್ ಓದುವ ಬಗೆ

ನಂಬರ್ ಮುಂದೆ ‘ಪಿ’ ಇದ್ದರೆ ಅದು ಪೂರ್ವದ ಬಸ್‌ವೇ ಹಿಡಿಯುವ ಬಸ್ಸು. ಪಿ ಎಂದರೆ ಪರ್ಪಲ್, ನೇರಳೆ. ಪಶ್ಚಿಮದ್ದಕ್ಕೆ ‘ಜಿ’, ಗ್ರೀನ್; ದಕ್ಷಿಣದ್ದಕ್ಕೆ ‘ವೈ’, ಯೆಲ್ಲೋ. ಬಸ್‌ವೇ ಎಂದರೆ ಬಸ್ಸಿಗೆಂದೇ ಮೀಸಲಾದ ರಸ್ತೆ, ಅಲ್ಲಿ ಖಾಸಗಿ ಕಾರು ಕಾಲಿಡುವಂತಿಲ್ಲ. 1983ರಲ್ಲಿ ತೆರೆದ ಪೂರ್ವದ ಬಸ್‌ವೇಯಲ್ಲಿ ಪಿ1 ಹಿಡಿದರೆ ಡೌನ್‌ಟೌನಿನಿಂದ ಈಸ್ಟ್ ಲಿಬರ್ಟಿಗೆ ಹತ್ತು ನಿಮಿಷದ ಆಸುಪಾಸು. ಸಂಜೆಯ ದಟ್ಟಣೆಯಲ್ಲಿ ಕಾರಿನವರು ಹೊಟ್ಟೆಕಿಚ್ಚು ಪಡುವಷ್ಟು ವೇಗ.

ಓಕ್ಲೆಂಡಿಗೆ ಹೋಗುವವರು 61 ಅಥವಾ 71 ಹಿಡಿಯಬೇಕು. 61ರಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು. ಕಾರ್ನೆಗಿ ಮೆಲನ್ ದಾಟಿ ಸ್ಕ್ವಿರಲ್ ಹಿಲ್ ತನಕ ನಾಲ್ಕೂ ಒಂದೇ ಮಾರ್ಗ, ಮೊದಲು ಬಂದದ್ದನ್ನು ಹತ್ತಿ. ಅದರಾಚೆ ಕವಲೊಡೆಯುತ್ತವೆ, ಆಗ ಅಕ್ಷರ ನೋಡಲೇಬೇಕು. 71ರ ಅಕ್ಷರಗಳು ಓಕ್ಲೆಂಡ್ ದಾಟುತ್ತಲೇ ಬೇರೆ ಬೇರೆ ಬಡಾವಣೆ ಹಿಡಿಯುತ್ತವೆ. ಇಳಿಯಬೇಕಾದಾಗ ಕಿಟಕಿ ಪಕ್ಕದ ದಾರ ಎಳೆಯಿರಿ. ಎಳೆಯದಿದ್ದರೆ, ಸ್ಟಾಪಿನಲ್ಲಿ ಯಾರೂ ಕಾಯುತ್ತಿಲ್ಲದಿದ್ದರೆ, ಬಸ್ಸು ನಿಲ್ಲುವುದಿಲ್ಲ.

ಓಕ್ಲೆಂಡಿನ ಫಿಫ್ತ್ ಅವೆನ್ಯೂ ದಾಟುವಾಗ ಎಚ್ಚರ. ಕಾರುಗಳಿಗೆ ಅದು ಏಕಮುಖ ರಸ್ತೆ, ಆದರೆ ಒಂದು ಪಟ್ಟಿಯಲ್ಲಿ ಬಸ್ಸು ಎದುರು ದಿಕ್ಕಿನಿಂದ ಬರುತ್ತದೆ. ಎರಡೂ ಕಡೆ ನೋಡಿಯೇ ಹೆಜ್ಜೆ ಇಡಿ. ಅಲ್ಲೇ ಇರುವ 42 ಅಂತಸ್ತಿನ ಕೆಥೆಡ್ರಲ್ ಆಫ್ ಲರ್ನಿಂಗ್ ಕಟ್ಟಡದೊಳಗೆ ನಳಂದವನ್ನು ನೆನಪಿಸುವ ಭಾರತದ ತರಗತಿ ಕೋಣೆಯಿದೆ, ನೋಡದೆ ಬರಬೇಡಿ.

ರೈಲು ಎಲ್ಲಿಗೆ ಹೋಗುವುದಿಲ್ಲ

‘ಟಿ’ ಎಂದು ಕರೆಯುವ ಲೈಟ್ ರೈಲು ಓಕ್ಲೆಂಡಿಗೆ ಹೋಗುವುದಿಲ್ಲ. ಹೊಸಬರ ದೊಡ್ಡ ತಪ್ಪುಗ್ರಹಿಕೆ ಇದೇ. ಅದು ದಕ್ಷಿಣದ ಬಡಾವಣೆಗಳಿಂದ ಡೌನ್‌ಟೌನಿಗೆ ಬಂದು, ಅಲೆಘೇನಿ ನದಿಯ ಕೆಳಗಿನ ಸುರಂಗದಲ್ಲಿ ನಾರ್ತ್ ಶೋರಿಗೆ ದಾಟುತ್ತದೆ. ಈ ಸುರಂಗಮಾರ್ಗ ಶುರುವಾದದ್ದು 2012ರಲ್ಲಿ. ಫಸ್ಟ್ ಅವೆನ್ಯೂನಿಂದ ಅಲೆಘೇನಿ ನಿಲ್ದಾಣದವರೆಗೆ ಪ್ರಯಾಣ ಉಚಿತ. ಬೇಸ್‌ಬಾಲ್ ಮೈದಾನ, ವಿಜ್ಞಾನ ಕೇಂದ್ರದ ತನಕ ಹೋಗಲು ಕಾಸು ಖರ್ಚಿಲ್ಲ. ಮಾನ್ ನದಿಯಾಚೆಯ ಸ್ಟೇಷನ್ ಸ್ಕ್ವೇರಿಗೆ ಮಾತ್ರ ಟಿಕೆಟ್ ಬೇಕು.

ಗುಡ್ಡ ಹತ್ತುವುದು

ಸ್ಟೇಷನ್ ಸ್ಕ್ವೇರ್ ಎದುರಿನ ಮಾನ್ ಇನ್‌ಕ್ಲೈನ್ ಎಂಬ ಗುಡ್ಡ ಹತ್ತುವ ರೈಲು 1870ರದ್ದು. ಹಳಿಯ ಮೇಲೆ ಎರಡು ಪೆಟ್ಟಿಗೆಗಳು. ಕೇಬಲ್ಲಿನಿಂದ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. 35 ಡಿಗ್ರಿ ಇಳಿಜಾರು. ಕಾರ್ಡಿದ್ದರೆ ಮೂರು ಗಂಟೆಯ ಲೆಕ್ಕದಲ್ಲೇ ಇದೂ ಬರುತ್ತದೆ. ಡೌನ್‌ಟೌನಿನಿಂದ ರೈಲೇ ಬೇಕೆಂದಿಲ್ಲ, 1883ರ ಸ್ಮಿತ್‌ಫೀಲ್ಡ್ ಸ್ಟ್ರೀಟ್ ಸೇತುವೆಯ ಮೇಲೆ ನಡೆದೇ ಬರಬಹುದು. ಮೇಲೆ ಹೋಗಿ ಗ್ರ್ಯಾಂಡ್‌ವ್ಯೂ ಅವೆನ್ಯೂ ಹಿಡಿದು ಸುಮಾರು 1.6 ಕಿ.ಮೀ. ನಡೆದರೆ 1877ರ ಡುಕೇನ್ ಇನ್‌ಕ್ಲೈನ್ ಸಿಗುತ್ತದೆ. ಸಂಗಮ ಚೆನ್ನಾಗಿ ಕಾಣುವುದು ಅಲ್ಲಿಂದಲೇ. ಆದರೆ ಅದರ ಕೆಳಗಿನ ನಿಲ್ದಾಣ ವಾಹನಗಳು ರಭಸದಿಂದ ಓಡುವ ರಸ್ತೆಯ ಪಕ್ಕದಲ್ಲಿದೆ, ಊರೊಳಗೆ ನಡೆದು ಬರಲು ಹಿತವಲ್ಲ. ಬಂದ ದಾರಿಯಲ್ಲೇ ಮರಳಿ, ಮಾನ್ ಇನ್‌ಕ್ಲೈನ್‌ನಲ್ಲಿ ಇಳಿಯಿರಿ. ಅದು ದುರಸ್ತಿಗೆಂದು ಆಗಾಗ ನಿಲ್ಲುವುದುಂಟು, ಹೊರಡುವ ದಿನ ಪಿಆರ್‌ಟಿ ಪ್ರಕಟಣೆ ನೋಡಿಕೊಳ್ಳಿ.

ನಡೆಯುವುದಾದರೆ

ಫೋನಿನ ನಕ್ಷೆ ‘ಇಲ್ಲಿಂದ 400 ಮೀಟರ್’ ಎಂದರೆ ನಂಬಬೇಡಿ. ಊರಿನಲ್ಲಿ ಸುಮಾರು 800 ಸಾರ್ವಜನಿಕ ಮೆಟ್ಟಿಲುಸಾಲುಗಳಿವೆ. ಅವುಗಳಲ್ಲಿ ಕೆಲವಕ್ಕೆ ದಾಖಲೆಯಲ್ಲಿ ರಸ್ತೆಯ ಹೆಸರೇ ಇದೆ, ನಕ್ಷೆಯೂ ರಸ್ತೆಯಂತೆಯೇ ತೋರಿಸುತ್ತದೆ. ತಿರುವಿನಲ್ಲಿ ನಿಂತು ನೋಡಿದರೆ ಎದುರಿಗೆ ಚಾಮುಂಡಿ ಬೆಟ್ಟದ ನೆನಪು. ಮಂಡಿನೋವಿನವರು ಬಸ್ಸನ್ನೇ ನೆಚ್ಚಿಕೊಳ್ಳಿ. ಚಳಿಗಾಲದಲ್ಲಿ ಹಿಮ ಗಟ್ಟಿಯಾದಾಗ ಯಾರೂ ಅತ್ತ ಹೋಗಬಾರದು.

ಸಿಗ್ನಲ್ಲಿನಲ್ಲಿ ಇನ್ನೊಂದು ವಿಚಿತ್ರ. ಹಸಿರು ಬಿದ್ದೊಡನೆ ನೇರ ಹೋಗುವವರಿಗಿಂತ ಮೊದಲು, ಎದುರಿನಿಂದ ಎಡಕ್ಕೆ ತಿರುಗುವ ಮೊದಲ ಕಾರು ಸರ್ರನೆ ನುಗ್ಗುತ್ತದೆ. ‘ಪಿಟ್ಸ್‌ಬರ್ಗ್ ಲೆಫ್ಟ್’ ಎಂದೇ ಇದಕ್ಕೆ ಹೆಸರು. ಕಾನೂನು ಒಪ್ಪುವುದಿಲ್ಲ, ಊರು ಒಪ್ಪಿದೆ. ದಾಟುವವರು ಒಂದು ಕ್ಷಣ ತಡೆದೇ ಹೊರಡಿ.

ದೇವಸ್ಥಾನಕ್ಕೆ

1970ರ ದಶಕದಲ್ಲಿ ಕಟ್ಟಿದ ವೆಂಕಟೇಶ್ವರ ದೇವಸ್ಥಾನ ನಗರದ ಗಡಿಯಾಚೆ, ಪೂರ್ವದ ಪೆನ್ ಹಿಲ್ಸ್‌ನ ಗುಡ್ಡದ ಮೇಲಿದೆ. ಇಲ್ಲಿಗೆ ಬಸ್ಸಿನ ಹಟ ಬೇಡ. ಖರ್ಚು ತಗ್ಗಿಸಬೇಕೆಂದರೆ ಪಿ1ರಲ್ಲಿ ವಿಲ್ಕಿನ್ಸ್‌ಬರ್ಗ್ ತನಕ ಹೋಗಿ, ಅಲ್ಲಿಂದ ಆ್ಯಪ್ ಕಾರು ಹಿಡಿಯಬಹುದು. ಮರಳುವ ಕಾರನ್ನು ಪ್ರಸಾದ ಮುಗಿಸಿ ಚಪ್ಪಲಿ ಹಾಕಿಕೊಂಡ ಮೇಲಲ್ಲ, ಸ್ವಲ್ಪ ಮುಂಚೆಯೇ ಬುಕ್ ಮಾಡಿ.