ಎಣ್ಣೆ ಸ್ನಾನ: ಹಚ್ಚಿದ್ದಾಯ್ತು, ತೆಗೆಯುವುದು ಹೇಗೆ?

ನರಕ ಚತುರ್ದಶಿಗೆ ಎಲ್ಲರ ಮನೆಯಲ್ಲೂ ಎಣ್ಣೆ ಸ್ನಾನ. ಮರುದಿನ ಅರ್ಧ ಮನೆಗೆ ನೆಗಡಿ. ‘ನಮಗೆ ಎಣ್ಣೆ ಆಗಿಬರಲ್ಲ’ ಅಂತ ಮುಂದಿನ ವರ್ಷದವರೆಗೆ ಬಾಟಲಿ ಮುಚ್ಚಿಡುತ್ತಾರೆ. ಆಯುರ್ವೇದಕ್ಕೆ ಅಭ್ಯಂಗ, ಅಂದರೆ ಮೈಗೆ ಎಣ್ಣೆ ಹಚ್ಚಿಕೊಳ್ಳುವುದು, ದಿನನಿತ್ಯದ ಕೆಲಸ. ಹಳೆಯ ಕಾಲದ ವೈದ್ಯ ವಾಗ್ಭಟ ಬರೆದ ಅಷ್ಟಾಂಗಹೃದಯ ಎಂಬ ಆಯುರ್ವೇದ ಗ್ರಂಥದಲ್ಲಿ ದಿನಚರ್ಯೆ ಎಂಬ ಅಧ್ಯಾಯವೇ ಇದೆ. ಹಲ್ಲುಜ್ಜುವುದು, ವ್ಯಾಯಾಮದ ಜೊತೆಯಲ್ಲೇ ಇದೂ ಬರುತ್ತದೆ. ವಾತ, ಆಯಾಸ, ಮುಪ್ಪು ಇದರಿಂದ ದೂರ ಎನ್ನುತ್ತದೆ ಅದು. ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಹಚ್ಚಿ ಎಂದೂ ಹೇಳುತ್ತದೆ. ನಮಗೆ ವಾರಕ್ಕೊಂದು ದಿನವಾದರೂ ಸಾಕು.

ಯಾರಿಗೆ ಬೇಡ: ಕಫ ಕಟ್ಟಿದವರಿಗೆ, ಅಜೀರ್ಣ ಆದವರಿಗೆ. ಇದೂ ಅದೇ ಅಧ್ಯಾಯದ ಮಾತು. ಜ್ವರ ಇದ್ದರೂ ಬೇಡ. ತಿಂಡಿ ತಿಂದ ಕೂಡಲೇ ಎಣ್ಣೆ ಹಚ್ಚಲು ಕೂರಬೇಡಿ.

ಹಂತ 1: ಎಣ್ಣೆ. ಗಾಣದ ಎಳ್ಳೆಣ್ಣೆ ತನ್ನಿ. ಸೆಕೆಗಾಲಕ್ಕೆ, ಕರಾವಳಿಯವರಿಗೆ ಕೊಬ್ಬರಿ ಎಣ್ಣೆ. ಹರಳೆಣ್ಣೆ ನೆತ್ತಿಗೆ ಒಂದು ಚಮಚ ಸಾಕು, ಮೈಗೆಲ್ಲ ಬಳಿದರೆ ಬಿಡಿಸುವಷ್ಟರಲ್ಲಿ ಕೈ ಸೋಲುತ್ತದೆ. ಅಗ್ಗಕ್ಕೆ ಸಿಗುವ ದೀಪದ ಎಣ್ಣೆ ಮಾತ್ರ ಬೇಡವೇ ಬೇಡ. ಬಾಟಲಿಯ ಮೂಲೆಯಲ್ಲಿ ‘ತಿನ್ನಲು ಯೋಗ್ಯವಲ್ಲ’ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಿ. ಒಲೆಯ ಮೇಲೆ ನೇರ ಕಾಯಿಸದೆ ಬಟ್ಟಲನ್ನು ಬಿಸಿನೀರಿನಲ್ಲಿ ಇಡಿ.

ಹಂತ 2: ಹಚ್ಚುವುದು. ಕೈಕಾಲಿಗೆ ಉದ್ದಕ್ಕೆ, ಕೀಲುಗಳಿಗೆ ಸುತ್ತಲೂ. ಕಿವಿಯ ಹಿಂದೆ, ಹಾಲೆಗೆ ಹಚ್ಚಿ. ಒಳಗೆ ಸುರಿಯಬೇಡಿ, ಮಕ್ಕಳಿಗಂತೂ ಕೂಡದು.

ಹಂತ 3: ಕಾಯುವುದು. ಅರ್ಧ ಗಂಟೆ, ಅಷ್ಟೆ. ಫ್ಯಾನ್ ಕೆಳಗೆ ಮೊಬೈಲ್ ಹಿಡಿದು ಎರಡು ಗಂಟೆ ಕೂತರೆ ಮೈ ತಣ್ಣಗಾಗುತ್ತದೆ, ಆಮೇಲೆ ಎಣ್ಣೆಗೆ ಬೈಗುಳ.

ಹಂತ 4: ತೆಗೆಯುವುದು. ಕೆಡುವುದು ಇಲ್ಲೇ. ಮೈಗೆ ನೀರು ಹಾಕಿ ಸೋಪು ತಿಕ್ಕುತ್ತಾರೆ, ಎಣ್ಣೆ ಜಾರುತ್ತದೆ, ಹೋಗುವುದಿಲ್ಲ. ಮತ್ತೆ ಸೋಪು, ಮತ್ತೆ ಸೋಪು. ಕೊನೆಗೆ ಚರ್ಮ ಬಿರಿದ ಗದ್ದೆಯಂತಾಗುತ್ತದೆ. ನೀರು ಮುಟ್ಟುವ ಮೊದಲೇ ಒಣ ಕಡಲೆ ಹಿಟ್ಟನ್ನೋ ಹೆಸರು ಹಿಟ್ಟನ್ನೋ ಮೈಗೆ ಉದುರಿಸಿ ತಿಕ್ಕಿ. ಹಿಟ್ಟು ಎಣ್ಣೆ ಕುಡಿದು ಸಣ್ಣ ಸಣ್ಣ ಎಳೆಯಾಗಿ ಸುರುಳಿ ಸುತ್ತಿ ಉದುರುತ್ತದೆ. ಆ ಎಳೆ ಬರುವವರೆಗೆ ತಂಬಿಗೆ ಮುಟ್ಟಬೇಡಿ. ಆಮೇಲೆ ನೀರಲ್ಲಿ ಕಲಸಿದ ಹಿಟ್ಟು ಒಂದು ಸಲ. ಚೂರು ಜಿಡ್ಡು ಉಳಿಯಲಿ, ಅದು ಇರಬೇಕಾದ್ದೇ.

ತಲೆಗೆ ಸೀಗೆಪುಡಿ. ಒದ್ದೆ ಕೂದಲಿಗೆ ಪುಡಿ ಎರಚಿದರೆ ಗಂಟು ಕಟ್ಟಿ ಬುಡದಲ್ಲೇ ಕೂರುತ್ತದೆ, ನಾಲ್ಕು ದಿನ ಬಾಚಣಿಗೆಗೆ ಬರುತ್ತಿರುತ್ತದೆ. ಮೂರು ಚಮಚ ಪುಡಿಯನ್ನು ಬಿಸಿ ಗಂಜಿಯಲ್ಲಿ ಅರ್ಧ ಗಂಟೆ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ. ಆ ನೀರನ್ನು ಸ್ವಲ್ಪ ಸ್ವಲ್ಪವೇ ಹುಯ್ದು ತಿಕ್ಕಿ. ಕಣ್ಣು ಬಿಟ್ಟರೆ ಉರಿ ತಪ್ಪಿದ್ದಲ್ಲ. ಪೊಟ್ಟಣದ ಪುಡಿ ಬುರುಬುರು ನೊರೆ ಕೊಟ್ಟರೆ ಅನುಮಾನಪಡಿ, ಬರೀ ಸೀಗೆಗೆ ಅಷ್ಟು ನೊರೆ ಬರುವುದಿಲ್ಲ. ದಾಸವಾಳದ ಎಲೆ ಕಿವುಚಿದ ಲೋಳೆ ಸಿಕ್ಕರೆ ನಾನು ಸೀಗೆಯನ್ನೂ ಕೇಳುವುದಿಲ್ಲ.

ನೀರಿನ ಬಿಸಿ ಇನ್ನೊಂದು ತಪ್ಪು. ಹಂಡೆಯ ಕುದಿನೀರನ್ನು ನೆತ್ತಿಗೆ ಹುಯ್ದರೇನೇ ಎಣ್ಣೆ ಸ್ನಾನ ಅಂತ ನಂಬಿದವರಿದ್ದಾರೆ. ವಾಗ್ಭಟ ಕೇಳಿದ್ದರೆ ಬೈಯುತ್ತಿದ್ದ. ಬಿಸಿನೀರು ಕತ್ತಿನಿಂದ ಕೆಳಗೆ ಬಲ ಕೊಡುತ್ತದೆ, ತಲೆಗೆ ಹುಯ್ದರೆ ಕೂದಲು, ಕಣ್ಣಿನ ಶಕ್ತಿ ಕುಂದುತ್ತದೆ ಅಂತ ಬರೆದಿಟ್ಟಿದ್ದಾನೆ. ತಲೆಗೆ ಉಗುರುಬೆಚ್ಚಗೆ ಸಾಕು.

ಹಂತ 5: ಹಳೆ ಟವೆಲ್‌ನಲ್ಲಿ ತಲೆ ಚೆನ್ನಾಗಿ ಒರೆಸಿ, ಬಿಸಿ ಅನ್ನ ಸಾರು ಉಣ್ಣಿ. ಅದಕ್ಕೂ ಮೊದಲು ಬಚ್ಚಲಿನ ನೆಲಕ್ಕೆ ಉಳಿದ ಹಿಟ್ಟು ಎರಚಿ, ಪೊರಕೆಯಲ್ಲಿ ಉಜ್ಜಿ, ಬಿಸಿನೀರು ಬಿಡಿ. ನಿಮ್ಮ ಹಿಂದೆಯೇ ಸ್ನಾನಕ್ಕೆ ಹೋಗುವವರು ಅಜ್ಜಿಯೇ ಆಗಿರಬಹುದು.