ಬಿಸಾಡುವ ಕೊಬ್ಬಿನಿಂದ ಮೃದ್ವಸ್ಥಿಯ ಮಣಿ

ಲಿಪೊಸಕ್ಷನ್ (ಕೊಳವೆಯಿಂದ ಮೈಯ ಕೊಬ್ಬು ಹೀರುವ ಶಸ್ತ್ರಕ್ರಿಯೆ) ಮಾಡಿ ತೆಗೆದ ಕೊಬ್ಬು ನನ್ನ ಬೆಂಚಿಗೆ ಬರುವಾಗ ರಕ್ತ, ಎಣ್ಣೆ, ನೀರು ಎಲ್ಲ ಕಲಸಿಕೊಂಡಿರುತ್ತದೆ. ಅದರೊಳಗಿನ ಕೋಶಗಳಿಂದ ಮೃದ್ವಸ್ಥಿಯ (ಕಾರ್ಟಿಲೇಜ್) ಪುಟ್ಟ ಮಣಿ ಬೆಳೆಸುವ ಬಗೆ ಇದು. ದಾನಿಯ ಒಪ್ಪಿಗೆಪತ್ರ, ನೈತಿಕ ಸಮಿತಿಯ ಅನುಮತಿ ಎರಡನ್ನೂ ನೋಡದೆ ಡಬ್ಬಿ ತೆರೆಯಬೇಡಿ.

ಮೊದಲು ತೊಳೆಯಿರಿ. ಪಿಬಿಎಸ್ (ಕೋಶ ತೊಳೆಯುವ ಉಪ್ಪುನೀರಿನ ದ್ರಾವಣ) ಸುರಿದು, ಅಲುಗಿಸಿ, ಸುಮ್ಮನೆ ಇಟ್ಟರೆ ಕೊಬ್ಬು ತೇಲುತ್ತದೆ. ಕೆಳಗಿಳಿದ ಕೆಂಪು ನೀರನ್ನು ಹೀರಿ ತೆಗೆದು, ಅದು ತಿಳಿಯಾಗುವವರೆಗೂ ಹೀಗೇ ಮಾಡಿ. ಮೊದಮೊದಲು ನಾನು ಎರಡೇ ಸಲ ತೊಳೆದು ಕೈಬಿಡುತ್ತಿದ್ದೆ. ಕೋಶ ಎಣಿಸಲು ಕೂತರೆ ಕಣ್ಣಿಗೆ ಬೀಳುತ್ತಿದ್ದದ್ದೆಲ್ಲ ಕೆಂಪು ರಕ್ತಕಣ!

ಆಮೇಲೆ 0.1% ಕೊಲಾಜಿನೇಸ್ (ಅಂಗಾಂಶದ ಕೊಲಾಜನ್ ನಾರು ಕರಗಿಸುವ ಕಿಣ್ವ) ಹಾಕಿ 37 ಡಿಗ್ರಿಯಲ್ಲಿ 30ರಿಂದ 60 ನಿಮಿಷ ಅಲುಗಿಸುತ್ತಿರಿ. ಗಡಿಯಾರಕ್ಕಿಂತ ಟ್ಯೂಬನ್ನೇ ನೋಡಿ: ಗಂಟುಗಂಟಾಗಿದ್ದದ್ದು ನಯವಾಗಿ ಹರಿಯತೊಡಗಿದರೆ ಸಾಕು. ಸೀರಮ್ ಇರುವ ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ಸೇರಿಸಿ ಕಿಣ್ವವನ್ನು ತಡೆಯಿರಿ, 100 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಸೆಂಟ್ರಿಫ್ಯೂಜಿನಲ್ಲಿ 300 ಜಿಯಲ್ಲಿ (ಗುರುತ್ವದ 300 ಪಟ್ಟು ಬಲದಲ್ಲಿ) 10 ನಿಮಿಷ ತಿರುಗಿಸಿ. ಮೇಲೆ ಎಣ್ಣೆ, ತಳದಲ್ಲಿ ಒಂದು ಸಣ್ಣ ಚುಕ್ಕೆ. ನಮಗೆ ಬೇಕಾದ ಕಾಂಡಕೋಶಗಳು ಇರುವುದು ಆ ಚುಕ್ಕೆಯಲ್ಲಿ. ಇಂಥ ಕೊಬ್ಬಿನ ಕೋಶಗಳನ್ನು ಮೂಳೆ, ಮೃದ್ವಸ್ಥಿಯ ದಾರಿಗೆ ತಿರುಗಿಸಬಹುದೆಂದು ಪೆಟ್ರಿಷಿಯಾ ಝುಕ್ ಅವರ ತಂಡ 2001ರಲ್ಲಿ ತೋರಿಸಿತ್ತು.

ಫ್ಲಾಸ್ಕಿನಲ್ಲಿ ಬೆಳೆಸಿ, ಮೂರನೇ ಪ್ಯಾಸೇಜಿಗೆ (ತುಂಬಿದ ಕೋಶಗಳನ್ನು ಹೊಸ ಫ್ಲಾಸ್ಕಿಗೆ ಬದಲಿಸುವ ಸರದಿ) ಬಂದಾಗ ಕೋಶದ ಮೇಲ್ಮೈಯ ಗುರುತಿನ ಪ್ರೋಟೀನುಗಳನ್ನು ನೋಡಿಕೊಳ್ಳಿ: ಸಿಡಿ73, ಸಿಡಿ90, ಸಿಡಿ105 ಇರಬೇಕು, ಸಿಡಿ45 ಇರಬಾರದು.

ಇನ್ನು ಮಣಿ. 15 ಮಿಲಿಯ ಚೂಪುತಳದ ಟ್ಯೂಬಿಗೆ ಎರಡೂವರೆ ಲಕ್ಷ ಕೋಶ ಹಾಕಿ ತಿರುಗಿಸಿ, ಮುಚ್ಚಳ ಸ್ವಲ್ಪ ಸಡಿಲಿಸಿ ಇನ್ಕ್ಯುಬೇಟರಿನಲ್ಲಿಡಿ. ಒಂದೆರಡು ದಿನದಲ್ಲಿ ಕೋಶಗಳ ಮುದ್ದೆ ಅಂಚು ಬಿಟ್ಟುಕೊಂಡು ದುಂಡಗಾಗುತ್ತದೆ. ಹೆಚ್ಚು ಕೋಶ ಹಾಕಿದರೆ ಹೆಚ್ಚು ಅಂಗಾಂಶ ಸಿಗುತ್ತದೆಂದು ನಾನೊಮ್ಮೆ ಹತ್ತು ಲಕ್ಷ ಹಾಕಿದ್ದೆ. ಕೊಯ್ದು ನೋಡಿದರೆ ನಡುವೆ ಸತ್ತ ಕೋಶಗಳು. ಒಳಗೆ ರಕ್ತನಾಳವಿಲ್ಲ, ಆಮ್ಲಜನಕ ತಾನಾಗಿಯೇ ಇಂಗಿಕೊಂಡು ಹೋಗಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ: ಅಸ್ಥಿಮಜ್ಜೆಯ ಕೋಶಕ್ಕೆ ಬರೆದ ವಿಧಾನವನ್ನೇ ಕೊಬ್ಬಿನ ಕೋಶಕ್ಕೂ ಅನ್ವಯಿಸುತ್ತಾರೆ. ಮೃದ್ವಸ್ಥಿಯ ದಾರಿಗೆ ತಿರುಗಿಸುವ ಟಿಜಿಎಫ್-ಬೀಟಾ ಎಂಬ ಬೆಳವಣಿಗೆಯ ಪ್ರೋಟೀನ್ ಒಂದಕ್ಕೇ ಕೊಬ್ಬಿನ ಕೋಶಗಳು ಸರಿಯಾಗಿ ಓಗೊಡುವುದಿಲ್ಲ. ಜೊತೆಗೆ ಅದೇ ಬಗೆಯ ಇನ್ನೊಂದು ಪ್ರೋಟೀನ್ ಬಿಎಂಪಿ-6 ಕೊಡಿ. ಈ ಹಂತದಲ್ಲಿ ಸೀರಮ್ ಬೇಡ. ವಾರಕ್ಕೆ ಎರಡು ಮೂರು ಸಲ ಮೀಡಿಯಂ ಬದಲಿಸಿ, ಪಿಪೆಟ್ಟಿನ ತುದಿಯನ್ನು ಟ್ಯೂಬಿನ ಗೋಡೆಗೆ ಒತ್ತಿಕೊಂಡೇ ಹೀರಿ. ಹದಿನೆಂಟನೇ ದಿನ ನನ್ನದೊಂದು ಮಣಿ ಮೀಡಿಯಂ ಜೊತೆಗೇ ಕಸದ ಬಾಟಲಿಗೆ ಹೋಯಿತು.

21ನೇ ದಿನ ಕೊಯ್ದು ಸ್ಯಾಫ್ರನಿನ್-ಓ (ಮೃದ್ವಸ್ಥಿಯನ್ನು ಕೆಂಪಾಗಿಸುವ ಬಣ್ಣ) ಹಾಕಿ. ಕೆಂಪು ಅಂಚಿಗಷ್ಟೇ ನಿಂತಿದೆಯೋ ನಡುವಿನವರೆಗೂ ಹಬ್ಬಿದೆಯೋ ನೋಡಿ. ಹಬ್ಬಿದ್ದರೂ ಅದನ್ನು ಆರ್ಗನಾಯ್ಡ್ (ಪ್ರಯೋಗಾಲಯದಲ್ಲಿ ಬೆಳೆಸಿದ ಪುಟ್ಟ ಅಂಗದ ಮಾದರಿ) ಅನ್ನಲು ನನಗೆ ಇನ್ನೂ ನಾಲಿಗೆ ಏಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ‘ಮಣಿ’ ಅಂತಲೇ ಬರೆಯುತ್ತೇನೆ.