ಆರ್‌ಸಿಬಿ ಹರಾಜಿನ ಮೇಲೆ ವಾದ ಮಾಡುವುದು ಹೇಗೆ: ಬ್ಯಾಡಗಿ ಪೇಟೆಯಲ್ಲಿ ಕಲಿತಿದ್ದು

ನಾನು ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ. ಹಂಗಾಮಿನಲ್ಲಿ ಆ ಎರಡು ದಿನ ತಲೆ ಎತ್ತಲು ಪುರುಸೊತ್ತು ಸಿಗುವುದಿಲ್ಲ. ಉಳಿದ ದಿನ ಸಂಜೆ ನಾವು ಐದಾರು ಜನ ಚಹಾ ಅಂಗಡಿ ಮುಂದಿನ ಬೆಂಚಿನ ಮೇಲೆ ಸೇರುತ್ತೇವೆ. ಗಿರಮಿಟ್, ಮಿರ್ಚಿ, ಆಮೇಲೆ ಆರ್‌ಸಿಬಿ.

2024ರ ನವೆಂಬರ್ 24, ಭಾನುವಾರ. ಜೆಡ್ಡಾದಲ್ಲಿ ಐಪಿಎಲ್ ಮೆಗಾ ಹರಾಜು, ಅಂದರೆ ತಂಡಗಳನ್ನು ಹೆಚ್ಚುಕಡಿಮೆ ಮೊದಲಿನಿಂದ ಕಟ್ಟುವ ದೊಡ್ಡ ಹರಾಜು. ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋದ. ನನ್ನ ತಂಗಿಯ ಮಗ ಫೋನನ್ನು ಬೆಂಚಿನ ಮೇಲೆ ಕುಕ್ಕಿದ. "ಮಾವಾ, ನಮ್ಮ ಹುಡುಗನ್ನ ಬಿಟ್ಟಕೊಟ್ರಲ್ಲ, ಇವ್ರಿಗೆ ಬುದ್ಧಿ ಐತೇನು?" ಅಂದ. ನಾನೂ ಏನೋ ಅಂದೆ. ಮಾತಿಗೆ ಮಾತು ಬೆಳೆಯಿತು. ಎರಡು ದಿನ ಅವನು ನನ್ನ ಜೊತೆ ಮಾತು ಬಿಟ್ಟ.

ಆ ಜಗಳದ ಮಧ್ಯೆ ನನಗೆ ಒಂದು ವಿಷಯ ಹೊಳೆಯಿತು. ದಿನವೂ ಹರಾಜಿನ ಲೆಕ್ಕ ಬರೆಯುವವನು ನಾನು. ಆದರೂ ಆವತ್ತು ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಕೂಗಾಡುತ್ತಿದ್ದೆ. ಮರುದಿನವೇ ಒಂದು ನೂರು ಪುಟದ ನೋಟ್‌ಬುಕ್ ತಂದೆ. ಅಂದಿನಿಂದ ನಮ್ಮ ಬೆಂಚಿನ ವಾದ ಆ ನೋಟ್‌ಬುಕ್ ಇಟ್ಟುಕೊಂಡೇ ನಡೆಯುತ್ತದೆ. ಅದನ್ನು ಹೇಗೆ ಬರೆಯಬೇಕು, ಹೇಗೆ ಓದಬೇಕು ಅಂತ ಹೇಳುತ್ತೇನೆ. ನಿಮ್ಮ ಊರಿನಲ್ಲೂ ಇಂತಹ ಒಂದು ಬೆಂಚು ಇದ್ದೇ ಇರುತ್ತದೆ, ಅಲ್ವಾ?

ಮೊದಲು ಖಾಲಿ ಜಾಗ ಬರೆಯಿರಿ

ಹರಾಜು ಶುರುವಾಗುವ ಮುಂಚೆಯೇ ಮೊದಲ ಪುಟ ತುಂಬಬೇಕು. ಮೇಲೆ ಕೈಯಲ್ಲಿರುವ ಹಣ. ಆ ವರ್ಷ ಪ್ರತಿ ತಂಡಕ್ಕೆ 120 ಕೋಟಿ ಇತ್ತು. ಆರ್‌ಸಿಬಿ ಕೊಹ್ಲಿಯನ್ನು 21 ಕೋಟಿಗೆ, ರಜತ್ ಪಾಟೀದಾರ್‌ನನ್ನು 11 ಕೋಟಿಗೆ, ಯಶ್ ದಯಾಳ್‌ನನ್ನು 5 ಕೋಟಿಗೆ ಉಳಿಸಿಕೊಂಡಿತು. ಮೂರು ಸೇರಿ 37. ಉಳಿದದ್ದು 83 ಕೋಟಿ.

ಅದರ ಕೆಳಗೆ ಆಟಗಾರರ ಸಂಖ್ಯೆ. ತಂಡದಲ್ಲಿ 18ಕ್ಕಿಂತ ಕಡಿಮೆ ಇರುವಂತಿಲ್ಲ, 25ಕ್ಕಿಂತ ಜಾಸ್ತಿ ಇರುವಂತಿಲ್ಲ. ಅದರಲ್ಲಿ ವಿದೇಶಿಯರು ಹೆಚ್ಚೆಂದರೆ 8. ಮೈದಾನಕ್ಕೆ ಇಳಿಯುವ 11ರಲ್ಲಿ ವಿದೇಶಿಯರು 4 ಮಾತ್ರ. ಈ ನಾಲ್ಕರ ಲೆಕ್ಕ ಮರೆತರೆ ವಾದವೆಲ್ಲ ನೀರ ಮೇಲೆ ಬರೆದ ಹಾಗೆ. "ಮ್ಯಾಕ್ಸ್‌ವೆಲ್ ಇರಲಿ, ಫಾಫ್ ಇರಲಿ, ವಿಲ್ ಜ್ಯಾಕ್ಸ್ ಇರಲಿ, ಹೇಜಲ್‌ವುಡ್ಡೂ ಇರಲಿ, ಸಾಲ್ಟೂ ಬರಲಿ" ಅಂತ ನಮ್ಮ ಹುಡುಗರು ಪಟ್ಟಿ ಮಾಡುತ್ತಿದ್ದರು. ಹಾಗಾದರೆ ಐದನೆಯವನನ್ನು ಕೂರಿಸುವುದು ಎಲ್ಲಿ?

ಆಮೇಲೆ 1ರಿಂದ 11ರವರೆಗೆ ಸಾಲು ಹಾಕಿ. ಯಾವ ಜಾಗಕ್ಕೆ ಆಳಿದ್ದಾನೆ, ಯಾವುದು ಖಾಲಿ? ಹೆಸರು ಬರೆಯಬೇಡಿ, ಕೆಲಸ ಬರೆಯಿರಿ. "ಮೊದಲ ಆರು ಓವರಿನಲ್ಲಿ ಹೊಡೆಯುವವನು." "ಕೊನೆಯ ನಾಲ್ಕು ಓವರ್ ಹಾಕುವವನು." "ಎಡಗೈ ಸ್ಪಿನ್ ಹಾಕಿ, ಏಳರಲ್ಲಿ ಬ್ಯಾಟ್ ಹಿಡಿಯುವವನು." ಹೀಗೆ ಬರೆದರೆ ಒಂದು ಒಳ್ಳೆಯದಾಗುತ್ತದೆ. ಒಬ್ಬ ಆಟಗಾರ ಕೈತಪ್ಪಿದಾಗ ದುಃಖ ಆಗುವುದು ಸಹಜ. ಆದರೆ ಆ ಕೆಲಸಕ್ಕೆ ಬೇರೆ ಯಾರು ಸಿಗಬಹುದು ಅಂತ ತಕ್ಷಣ ಹುಡುಕಲು ಬರುತ್ತದೆ.

ರಾಹುಲ್ ವಿಷಯದಲ್ಲಿ ನಾವು ಮಾಡದೇ ಇದ್ದದ್ದು ಇದೇ. ಅವನು ಇನ್ನಿಂಗ್ಸ್ ಶುರು ಮಾಡುತ್ತಾನೆ, ಕೀಪಿಂಗ್ ಮಾಡುತ್ತಾನೆ. ಎರಡು ಕೆಲಸ. ಆರ್‌ಸಿಬಿ ಆ ಎರಡನ್ನು ಬೇರೆ ಬೇರೆ ಕೈಗೆ ಕೊಟ್ಟಿತು. ಶುರುವಿಗೆ ಫಿಲ್ ಸಾಲ್ಟ್ 11.50 ಕೋಟಿ, ಕೀಪಿಂಗ್ ಮತ್ತು ಕೊನೆಯ ಹೊಡೆತಕ್ಕೆ ಜಿತೇಶ್ ಶರ್ಮಾ 11 ಕೋಟಿ. ಇಬ್ಬರಿಗೆ 22.50 ಕೊಡುವ ಬದಲು ರಾಹುಲ್‌ಗೆ 14.25 ಕೂಗಬಾರದಿತ್ತೇ ಅಂತ ಕೇಳಿ. ಅದು ವಾದ. ಅದಕ್ಕೆ ಉತ್ತರ ಕೊಡಲು ಬರುತ್ತದೆ. ಬುದ್ಧಿ ಐತೇನು ಅಂತ ಕೇಳಿದರೆ ಉತ್ತರ ಇಲ್ಲ, ಬರೀ ಸಿಟ್ಟು.

ಬೆಲೆ ಓದುವುದು ಹೇಗೆ

ಇಲ್ಲಿ ನನ್ನ ಪೇಟೆಯ ಮಾತು ಸ್ವಲ್ಪ ಬರುತ್ತದೆ.

ಬ್ಯಾಡಗಿಯಲ್ಲಿ ಚೀಲಗಳನ್ನು ಲಾಟ್ ಮಾಡಿ ಇಡುತ್ತಾರೆ. ಖರೀದಿದಾರರು ಬಂದು ಕೈಯಲ್ಲಿ ಹಿಡಿದು, ಮುರಿದು, ಬಣ್ಣ ನೋಡಿ ಹೋಗುತ್ತಾರೆ. ಆಮೇಲೆ ಟೆಂಡರ್. ಪಕ್ಕದವನು ಎಷ್ಟು ಹಾಕಿದ ಅಂತ ಇವನಿಗೆ ಗೊತ್ತಾಗುವುದಿಲ್ಲ. ಒಂದೇ ಲಾಟಿಗೆ ಒಬ್ಬ ಬಹಳ ಜಾಸ್ತಿ ಹಾಕುತ್ತಾನೆ, ಇನ್ನೊಬ್ಬ ತೀರಾ ಕಡಿಮೆ ಹಾಕುತ್ತಾನೆ. ಇಬ್ಬರಲ್ಲಿ ಯಾರೂ ದಡ್ಡರಲ್ಲ. ಬಣ್ಣ ತೆಗೆಯುವ ಕಾರ್ಖಾನೆಯವನಿಗೆ ಬಣ್ಣ ಬೇಕು, ಅವನು ಡಬ್ಬಿ ಅನ್ನುವ ತಳಿಗೆ ಕೈ ಹಾಕುತ್ತಾನೆ. ಖಾರದ ಪುಡಿ ಮಾಡುವವನಿಗೆ ಖಾರ ಬೇಕು, ಅವನು ಗುಂಟೂರು ತಳಿ ನೋಡುತ್ತಾನೆ. ಮೆಣಸಿನಕಾಯಿ ಬೆಲೆ ಮೆಣಸಿನಕಾಯಿಯಲ್ಲಿ ಎಷ್ಟಿದೆಯೋ, ಕೊಳ್ಳುವವನ ಮನೆಯಲ್ಲಿ ಏನು ಖಾಲಿಯಾಗಿದೆ ಅನ್ನುವುದರಲ್ಲೂ ಅಷ್ಟೇ ಇದೆ.

ಐಪಿಎಲ್‌ನದು ಬಹಿರಂಗ ಹರಾಜು. ಎಲ್ಲರ ಕೂಗೂ ಎಲ್ಲರಿಗೂ ಕೇಳುತ್ತದೆ. ಅಲ್ಲಿ ಗೆದ್ದವನು ತನ್ನ ಮನಸ್ಸಿನಲ್ಲಿದ್ದ ಪೂರ್ತಿ ಬೆಲೆ ಕೊಡುವುದಿಲ್ಲ. ತನಗಿಂತ ಮುಂಚೆ ಕೈ ಬಿಟ್ಟವನ ಬೆಲೆಗಿಂತ ಒಂದು ಮೆಟ್ಟಿಲು ಮೇಲೆ ಕೊಡುತ್ತಾನೆ, ಅಷ್ಟೇ. ಭುವನೇಶ್ವರ್ ಕುಮಾರ್‌ಗೆ ಮುಂಬೈ ಮತ್ತು ಲಖನೌ ಹಗ್ಗ ಜಗ್ಗಾಡಿದವು. ಕೊನೆಗೆ ಆರ್‌ಸಿಬಿ ನುಗ್ಗಿ 10.75 ಕೋಟಿಗೆ ತೆಗೆದುಕೊಂಡಿತು. "ಈ ವಯಸ್ಸಿನವನಿಗೆ ಇಷ್ಟೊಂದಾ!" ಅಂದ ನಮ್ಮ ಚಹಾ ಅಂಗಡಿಯ ಅಣ್ಣ. ಆದರೆ ಆ ಬೆಲೆಯನ್ನು ಅಷ್ಟು ಎತ್ತರಕ್ಕೆ ಏರಿಸಿದವರು ಬೇರೆ ಎರಡು ತಂಡದವರು. ಹಾಗಾಗಿ ಪ್ರತಿ ಹೆಸರಿನ ಮುಂದೆ ಎರಡು ವಿಷಯ ಬರೆಯಿರಿ: ಎಷ್ಟಕ್ಕೆ ಬಂದ, ಕೊನೆಯವರೆಗೂ ಎದುರು ಕೂಗಿದವರು ಯಾರು. ಎರಡನೆಯದು ಪೇಪರಿನಲ್ಲಿ ಬರುವ ಪಟ್ಟಿಯಲ್ಲಿ ಇರುವುದಿಲ್ಲ. ಹರಾಜು ನೋಡುವಾಗಲೇ ಬರೆದುಕೊಳ್ಳಬೇಕು.

ಹೊತ್ತು ಯಾವುದು ಅನ್ನುವುದನ್ನೂ ಬರೆಯಿರಿ. ಪೇಟೆ ಮುಗಿಯುವ ಹೊತ್ತಿಗೆ ಒಳ್ಳೆಯ ಮಾಲು ಉಳಿದಿರಬಹುದು, ಕೊಳ್ಳುವವರ ಕೈ ಖಾಲಿಯಾಗಿರುತ್ತದೆ. ಜೆಡ್ಡಾದಲ್ಲೂ ಹಾಗೇ ಆಯಿತು. ಮೊದಲ ದಿನ ದೇವದತ್ತ ಪಡಿಕ್ಕಲ್‌ನನ್ನು ಯಾರೂ ಕೇಳಲಿಲ್ಲ. ಎರಡನೇ ದಿನ ಆರ್‌ಸಿಬಿ ಮೂಲ ಬೆಲೆ 2 ಕೋಟಿಗೇ ತೆಗೆದುಕೊಂಡಿತು. ಟಿಮ್ ಡೇವಿಡ್ 3 ಕೋಟಿ, ರೊಮಾರಿಯೊ ಶೆಫರ್ಡ್ 1.50 ಕೋಟಿ. ಮೊದಲ ದಿನದ ಕೊನೆಗೆ ಆರ್‌ಸಿಬಿ ಬಳಿ 30.65 ಕೋಟಿ ಉಳಿದಿತ್ತು. "ದುಡ್ಡು ಇಟ್ಟಕೊಂಡು ಪೂಜೆ ಮಾಡ್ತಾರೇನು?" ಅಂತ ಆ ರಾತ್ರಿ ನಾವೆಲ್ಲ ಬೈದೆವು. ಮರುದಿನ ಭುವನೇಶ್ವರ್, ಕೃಣಾಲ್, ಡೇವಿಡ್, ಪಡಿಕ್ಕಲ್ ಬಂದದ್ದು ಆ ದುಡ್ಡಿನಿಂದಲೇ.

ಆರ್‌ಟಿಎಂ ಬಗ್ಗೆ ಸ್ವಲ್ಪ ಮಾತ್ರ ಹೇಳುತ್ತೇನೆ. ಬೇರೆ ತಂಡ ಕೂಗಿದ ಬೆಲೆಯನ್ನೇ ಕೊಟ್ಟು ತನ್ನ ಹಳೆಯ ಆಟಗಾರನನ್ನು ವಾಪಸ್ ಪಡೆಯುವ ಹಕ್ಕು ಅದು. ಮೂರು ಅವಕಾಶ ಇದ್ದರೂ ಸಿರಾಜ್‌ಗೆ ಬಳಸಲಿಲ್ಲ, ವಿಲ್ ಜ್ಯಾಕ್ಸ್‌ಗೆ ಬಳಸಲಿಲ್ಲ, ಸ್ವಪ್ನಿಲ್ ಸಿಂಗ್‌ಗೆ ಬಳಸಿದರು. ಆ ವರ್ಷದ ನಿಯಮದ ಪ್ರಕಾರ ಆರ್‌ಟಿಎಂ ಎತ್ತಿದರೆ ಎದುರಿನ ತಂಡ ಇನ್ನೊಂದು ಸಲ ಬೆಲೆ ಏರಿಸಬಹುದಿತ್ತು. ಸಿರಾಜ್ 12.25 ಕೋಟಿಗೆ ಗುಜರಾತಿಗೆ ಹೋದ. ಅದು ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ. ಆದರೆ ಪುಟ ತೆಗೆದು ನೋಡಿದರೆ ಅದೇ ದಿನ ಹೇಜಲ್‌ವುಡ್‌ಗೆ 12.50 ಕೊಟ್ಟದ್ದು ಕಾಣುತ್ತದೆ. ಮುಂದಿನ ಸೀಸನ್‌ನಲ್ಲಿ ಹೇಜಲ್‌ವುಡ್ 22 ವಿಕೆಟ್ ತೆಗೆದ.

ಅದಲು ಬದಲು

ಟ್ರೇಡ್ ಬೇರೆ ಜಾತಿಯದು. ಇಲ್ಲಿ ಕೂಗು ಇಲ್ಲ. ಎರಡು ತಂಡ ಮಾತಾಡಿಕೊಳ್ಳುತ್ತವೆ, ಆಟಗಾರ ಒಪ್ಪಬೇಕು. ಮುಖಕ್ಕೆ ಮುಖ ಆಟಗಾರರನ್ನು ಬದಲಾಯಿಸಬಹುದು, ಇಲ್ಲವೇ ಪೂರ್ತಿ ಹಣಕ್ಕೆ ತರಬಹುದು. 2023ರಲ್ಲಿ ಶಾಬಾಜ್ ಅಹ್ಮದ್ ಹೈದರಾಬಾದಿಗೆ ಹೋಗಿ ಮಯಾಂಕ್ ಡಾಗರ್ ಬಂದದ್ದು ಮೊದಲನೆಯದಕ್ಕೆ ಉದಾಹರಣೆ. ಅದೇ ವರ್ಷ ಕ್ಯಾಮರೂನ್ ಗ್ರೀನ್ 17.50 ಕೋಟಿಗೆ ಮುಂಬೈಯಿಂದ ಬಂದದ್ದು ಎರಡನೆಯದಕ್ಕೆ.

ಟ್ರೇಡ್ ಅಳೆಯುವಾಗ ಬಂದವನನ್ನು ಮಾತ್ರ ನೋಡಬೇಡಿ. ಅವನ ಸಂಬಳಕ್ಕೆ ಜಾಗ ಮಾಡಲು ಹೊರಗೆ ಹೋದವರನ್ನೂ ಅದೇ ಸಾಲಿನಲ್ಲಿ ಬರೆಯಿರಿ. ಗ್ರೀನ್ ಬಂದ ಆ ತಿಂಗಳು ಆರ್‌ಸಿಬಿ ಹರ್ಷಲ್ ಪಟೇಲ್, ಹಸರಂಗ, ಹೇಜಲ್‌ವುಡ್ ಮೂವರನ್ನೂ ಬಿಟ್ಟಿತು. ಆಗ ಹೇಜಲ್‌ವುಡ್ ಬೆಲೆ 7.75 ಕೋಟಿ. ಒಂದು ವರ್ಷ ಕಳೆದು ಅವನನ್ನೇ 12.50ಕ್ಕೆ ತಂದರು. ಗ್ರೀನ್ ಒಂದೇ ಸೀಸನ್ ಇದ್ದು ಹೋದ. ನನ್ನ ಮಟ್ಟಿಗೆ ಇದು ನಷ್ಟದ ವ್ಯಾಪಾರ, ಇದನ್ನು ಯಾರ ಎದುರಿಗಾದರೂ ಹೇಳುತ್ತೇನೆ. ಇದಕ್ಕೆ ತದ್ವಿರುದ್ಧ, 2021ರಲ್ಲಿ ಡೆಲ್ಲಿಯಿಂದ ಟ್ರೇಡ್‌ನಲ್ಲಿ ಬಂದ ಹರ್ಷಲ್. ಆ ಸೀಸನ್‌ನಲ್ಲಿ 32 ವಿಕೆಟ್, ಅತಿ ಹೆಚ್ಚು ವಿಕೆಟ್ ತೆಗೆದವನಿಗೆ ಸಿಗುವ ಪರ್ಪಲ್ ಕ್ಯಾಪ್. ಅವನು ಬಂದ ದಿನ ನಮ್ಮ ಬೆಂಚಿನ ಮೇಲೆ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಅಮೆರಿಕದ ಬೇಸ್‌ಬಾಲ್ ನೆನಪಾಗುತ್ತದೆ. ನನ್ನ ಅಕ್ಕನ ಮಗ ನ್ಯೂಯಾರ್ಕಿನಲ್ಲಿದ್ದಾನೆ, ಮೆಟ್ಸ್ ತಂಡ ಅಂದರೆ ಜೀವ. ಅಲ್ಲಿ ಹರಾಜೇ ಇಲ್ಲವಂತೆ. ಆಟಗಾರ ದೊಡ್ಡ ಲೀಗಿನಲ್ಲಿ 6 ವರ್ಷ ಸೇವೆ ಮುಗಿಸಿ, ಒಪ್ಪಂದ ತೀರಿದರೆ ಫ್ರೀ ಏಜೆಂಟ್. ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು. 2024ರ ಡಿಸೆಂಬರ್‌ನಲ್ಲಿ ಮೆಟ್ಸ್ ಹುವಾನ್ ಸೊಟೊನನ್ನು 15 ವರ್ಷಕ್ಕೆ 76.5 ಕೋಟಿ ಡಾಲರ್‌ಗೆ ತಂದಿತು. ಆಗ ಅವನಿಗೆ 26 ವರ್ಷ. ಒಪ್ಪಂದ ಮುಗಿಯುವ ಹೊತ್ತಿಗೆ 40 ದಾಟಿರುತ್ತದೆ. ಮುಂದಿನ ಡಿಸೆಂಬರ್‌ನಲ್ಲಿ ಆ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಹೋಮ್ ರನ್ ಹೊಡೆದ ಪೀಟ್ ಅಲೊನ್ಸೊ 5 ವರ್ಷಕ್ಕೆ 15.5 ಕೋಟಿ ಡಾಲರ್ ಒಪ್ಪಿಕೊಂಡು ಬಾಲ್ಟಿಮೋರಿಗೆ ಹೋದ. ಅಕ್ಕನ ಮಗ ಆ ರಾತ್ರಿ ಫೋನ್ ಮಾಡಿ ಗಂಟಲು ಕಟ್ಟಿದವನ ಹಾಗೆ ಮಾತಾಡಿದ. ನಾನು ಕೇಳಿದೆ: "ಅವನಿಗೆ ವಯಸ್ಸೆಷ್ಟು?" "31." "ಐದು ವರ್ಷ ಆದ ಮೇಲೆ?" ಅವನು ಸುಮ್ಮನಾದ. ಉದ್ದದ ಒಪ್ಪಂದ ಇದ್ದಲ್ಲಿ ಕೊನೆಯ ವರ್ಷದ ವಯಸ್ಸನ್ನೇ ಮೊದಲು ಬರೆಯಬೇಕು. ನಮಗೆ ಆ ಕಷ್ಟ ಕಡಿಮೆ. ಮೆಗಾ ಹರಾಜು ಬಂದಾಗ ತಂಡ ಹೆಚ್ಚುಕಡಿಮೆ ಮೊದಲಿನಿಂದ ಶುರು. 34 ದಾಟಿದ ಭುವನೇಶ್ವರ್‌ನನ್ನು ಕೊಳ್ಳುವುದು ನಮ್ಮಲ್ಲಿ ತಪ್ಪಾಗದೇ ಇರುವುದು ಅದಕ್ಕೇ.

ಅಲೊನ್ಸೊ ಸುದ್ದಿ ಕೇಳಿ ನನಗೆ ಚಾಹಲ್ ನೆನಪಾದ. ಆರ್‌ಸಿಬಿಗೆ ಅತಿ ಹೆಚ್ಚು ವಿಕೆಟ್ ತೆಗೆದವನನ್ನು 2022ರ ಹರಾಜಿಗೆ ಬಿಟ್ಟರು. ರಾಜಸ್ಥಾನ 6.50 ಕೋಟಿಗೆ ಒಯ್ದಿತು. ಆ ಸೀಸನ್ 27 ವಿಕೆಟ್ ತೆಗೆದ. ಇಂತಹ ನೋವನ್ನು ಲೆಕ್ಕದಿಂದ ಒರೆಸಲು ಬರುವುದಿಲ್ಲ, ಒರೆಸಬೇಕಾಗಿಯೂ ಇಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅದಕ್ಕೆ ಬೇರೆ ಜಾಗ ಇಟ್ಟಿದ್ದೇನೆ. ವಾದ ಮಾಡುವಾಗ "ಇದು ನನ್ನ ಹಿಂದಿನ ಪುಟದ ಮಾತು" ಅಂತ ಮೊದಲೇ ಹೇಳಿಬಿಟ್ಟರೆ ಎದುರಿನವರು ಲೆಕ್ಕ ಕೇಳುವುದಿಲ್ಲ. ಸುಮ್ನೆ ಕೂತು ಕೇಳಿಸಿಕೊಳ್ಳುತ್ತಾರೆ.

ತಾರೀಖು ಹಾಕಿ, ಆವತ್ತೇ ಬರೆಯಿರಿ

ಇದು ಎಲ್ಲಕ್ಕಿಂತ ಮುಖ್ಯ. ಹರಾಜು ಮುಗಿದ ರಾತ್ರಿಯೇ ನಿಮ್ಮ ಅಭಿಪ್ರಾಯ ಬರೆದು ತಾರೀಖು ಹಾಕಿ. ಬೆಂಚಿನ ಮೇಲಿರುವ ಪ್ರತಿಯೊಬ್ಬರೂ ಎರಡು ಸಾಲು ಬರೆಯಲಿ. ಆಮೇಲೆ ಯಾರೂ ತಿದ್ದುವ ಹಾಗಿಲ್ಲ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ನಾವು ಕಪ್ ಗೆದ್ದೆವು. 18ನೇ ಸೀಸನ್‌ನಲ್ಲಿ ಮೊದಲ ಕಪ್. ನಾನು ಅತ್ತೆ. ಮರುದಿನದಿಂದ ಊರಿನಲ್ಲಿ ಎಲ್ಲರೂ "ನಾ ಆವತ್ತ ಹೇಳಿದ್ನೆಲ್ಲ" ಅನ್ನತೊಡಗಿದರು. ಪುಟ ತೆಗೆದೆವು. ಕೃಣಾಲ್ ಪಾಂಡ್ಯಗೆ 5.75 ಕೋಟಿ ಜಾಸ್ತಿ ಆಯಿತು ಅಂತ ನಾನೇ ಬರೆದಿದ್ದೆ. ಫೈನಲ್‌ನಲ್ಲಿ ಅವನು 4 ಓವರಿನಲ್ಲಿ 17 ರನ್ ಕೊಟ್ಟು 2 ವಿಕೆಟ್ ತೆಗೆದು ಪಂದ್ಯಶ್ರೇಷ್ಠನಾದ. ನನ್ನ ಅಂದಾಜು ತಪ್ಪಾಗಿತ್ತು. ಅದನ್ನು ಅಳಿಯನ, ಅಂದರೆ ಆವತ್ತು ಫೋನು ಕುಕ್ಕಿದ ತಂಗಿಯ ಮಗನ ಎದುರೇ ಓದಿ ಹೇಳಿದೆ. ಜಿತೇಶ್ ಬೇಡ ಅಂತ ಅವನು ಬರೆದಿದ್ದ. ಲಖನೌ ಎದುರು 33 ಎಸೆತದಲ್ಲಿ 85 ಹೊಡೆದ ಪಂದ್ಯವನ್ನು ಅವನೇ ನೆನಪಿಸಿದ.

ಆದರೆ ಕಪ್ ಬಂತು ಅಂತ ಎಲ್ಲ ಖರೀದಿಯೂ ಸರಿ ಅನ್ನಲು ಹೋಗಬೇಡಿ. ಲಿವಿಂಗ್‌ಸ್ಟನ್‌ಗೆ 8.75 ಕೋಟಿ ಕೊಟ್ಟು ಒಂದೇ ವರ್ಷಕ್ಕೆ ಬಿಟ್ಟರು. ಗೆದ್ದ ವರ್ಷದ ಪುಟವನ್ನೂ ಸೋತ ವರ್ಷದ ಹಾಗೆಯೇ ಸಾಲು ಸಾಲಾಗಿ ಓದಬೇಕು.

ದೊಡ್ಡ ಹರಾಜಿಗೆ ಕಾಯಬೇಕು ಅಂತೇನಿಲ್ಲ. ನಮ್ಮ ಹುಬ್ಬಳ್ಳಿ ಟೈಗರ್ಸ್ ಮೇಲೆ ಅಭ್ಯಾಸ ಮಾಡಿ. 2023ರಲ್ಲಿ ಕರ್ನಾಟಕದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಗೆದ್ದ ತಂಡ. ಅಲ್ಲಿ ಬೆಲೆ ಲಕ್ಷದಲ್ಲಿ, ಲೆಕ್ಕ ಸಣ್ಣದು, ಆಟಗಾರರು ನಮ್ಮವರೇ. 2025ರಲ್ಲಿ ಪಡಿಕ್ಕಲ್‌ನನ್ನು 13.20 ಲಕ್ಷಕ್ಕೆ ತಂದರು. ಮಕ್ಕಳಿಗೆ ಇದರಿಂದಲೇ ಶುರು ಮಾಡಿಸಿ.

ಈಗ ನೋಟ್‌ಬುಕ್ಕಿನಲ್ಲಿ ತೆರೆದಿರುವ ಪುಟ 2025ರ ಡಿಸೆಂಬರ್ 16ರದು, ಅಬುಧಾಬಿ ಹರಾಜು. ಮಂಗಳವಾರ, ಪೇಟೆ ಇರಲಿಲ್ಲ, ಪೂರ್ತಿ ನೋಡಿದೆವು. ಹಿಂದಿನ ವರ್ಷ ಕೋಲ್ಕತ್ತ 23.75 ಕೋಟಿ ಕೊಟ್ಟಿದ್ದ ವೆಂಕಟೇಶ್ ಅಯ್ಯರ್ ಈ ಸಲ 7 ಕೋಟಿಗೆ ನಮಗೆ ಬಂದ. "ಅಗ್ಗದ ಮಾಲು, ಕಣ್ಣು ಮುಚ್ಚಿ ತಗೋಬೇಕು" ಅಂತ ಅಳಿಯ ಬರೆದ. "ಎಡಗೈ ಬ್ಯಾಟರ್, ಮೇಲಿನ ಕ್ರಮಾಂಕ, ಅದೇ ಜಾಗಕ್ಕೆ ಪಡಿಕ್ಕಲ್ ಇದ್ದಾನೆ. ಇವನಿಗೆ ಕೆಲಸ ಯಾವುದು?" ಅಂತ ನಾನು ಬರೆದೆ. ಚಹಾ ಅಂಗಡಿಯ ಅಣ್ಣ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದ. ಕೊನೆಗೆ "ಹಳೇ ಬೆಲೆ ಮರೆತು ನೋಡ್ರಿ" ಅಂತ ಒಂದೇ ಸಾಲು ಬರೆದು, ಕೆಳಗೆ ಸಹಿ ಹಾಕಿ, ಗಿರಾಕಿ ಕರೆದರು ಅಂತ ಎದ್ದು ಹೋದ.